ಟೋಪಿಗೂ ಪೇಟೆಂಟ್ ಸಿಗುತ್ತದೆ, ಆದರೆ...

ಅಣ್ಣಾ, ಕಲಬುರಗಿ ಬಿಸಿಲಿಗೆ ಅಂತ ನೀವು ಹೊಲಿದ, ಕುತ್ತಿಗೆ ಮುಚ್ಚುವ ಟೋಪಿಗೆ ಪೇಟೆಂಟ್ ಸಿಗುತ್ತದಾ, ಇಲ್ಲಾ ಅದು ಮಂಡಿ ಇಂಪ್ಲಾಂಟ್‌ನಂಥ (ಮಂಡಿಯೊಳಗೆ ಕೂರಿಸುವ ಕೃತಕ ಕೀಲು) ದೊಡ್ಡ ವಸ್ತುಗಳಿಗಷ್ಟೇನಾ ಅಂತ ಕೇಳಿದ್ದೀರಿ. ಎರಡಕ್ಕೂ 1970ರ ಪೇಟೆಂಟ್ ಕಾಯ್ದೆಯೇ, ಅವಧಿಯೂ ಅದೇ 20 ವರ್ಷ. ಇಂಪ್ಲಾಂಟಿಗೆ ಸಿಗುತ್ತದೆ, ಅದನ್ನು ಕೂರಿಸುವ ಆಪರೇಷನ್ ವಿಧಾನಕ್ಕೆ ನಮ್ಮಲ್ಲಿ ಸಿಗಲ್ಲ.

ನಿಮ್ಮ ತೊಡಕು ಬೇರೆ. ಕುತ್ತಿಗೆ ಬಟ್ಟೆಯ ಟೋಪಿ ಬ್ರಿಟಿಷ್ ಸಿಪಾಯಿಗಳ ಕಾಲದಿಂದಲೂ ಇದೆ, ಅದನ್ನು ಹೊಸತು ಅಂತ ಯಾರೂ ಒಪ್ಪಲ್ಲ. ನಿಮ್ಮ ಟೋಪಿಯಲ್ಲಿ ನೀರು ಹಿಡಿದಿಡುವ ಒಳಪದರ ಇದೆಯಲ್ಲ, ಅದನ್ನು ಬೇರೆ ಯಾರೂ ಹಾಗೆ ಮಾಡಿಲ್ಲ ಅಂದ್ರೆ ಅದರ ಮೇಲೆ ಅರ್ಜಿ ಹಾಕಿ. ಅದಕ್ಕೂ ಮೊದಲು ಸೂಪರ್ ಮಾರ್ಕೆಟ್‌ನಲ್ಲಿ ಮಾರೋದು, ರೀಲ್ಸ್ ಹಾಕೋದು ಬೇಡವೇ ಬೇಡ, ಹೊಸತನವೇ ಹೋಗಿಬಿಡುತ್ತದೆ. ತಾತ್ಕಾಲಿಕ ಅರ್ಜಿ ಆನ್‌ಲೈನ್‌ನಲ್ಲೇ ಚೆನ್ನೈ ಪೇಟೆಂಟ್ ಕಚೇರಿಗೆ ಹಾಕಬಹುದು, ಪೂರ್ತಿ ವಿವರಕ್ಕೆ 12 ತಿಂಗಳು ಟೈಮ್ ಇರುತ್ತದೆ.