ತೀರ್ಥಹಳ್ಳಿ–ಆಗುಂಬೆ ಕಡೆ ಮಕ್ಕಳನ್ನು ಒಂದು ವಾರ ಓಡಾಡಿಸಲು ಯಾವ ಕಾಲ ಒಳ್ಳೆಯದು?

ಬೆಂಗಳೂರಿನಲ್ಲೇ ಬೆಳೆದ 9 ಮತ್ತು 12 ವರ್ಷದ ಮಕ್ಕಳನ್ನು ಜುಲೈನಲ್ಲಿ ಮಲೆನಾಡಿಗೆ ಕರೆತರಬಹುದೇ, ಜಲಪಾತ ತೋರಿಸುವುದು ಬಿಟ್ಟು ಬೇರೇನು ಮಾಡಿಸಬಹುದು ಎಂದು ಕೇಳಿದ್ದೀರಿ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ತೋಟದ ಮನೆಯಲ್ಲಿ ಹುಟ್ಟಿ ಬೆಳೆದವಳು. ಜುಲೈ ಬೇಡ. ದಸರಾ ರಜೆಯಲ್ಲಿ ಬನ್ನಿ. ವಿಜಯದಶಮಿ ಕಳೆದು ಐದು ದಿನಕ್ಕೆ ಭೂಮಿ ಹುಣ್ಣಿಮೆ ಬರುತ್ತದೆ. ಅದೊಂದು ದಿನ ಸಿಗುವ ಹಾಗೆ ರಜೆ ಹೊಂದಿಸಿಕೊಳ್ಳಿ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬೆಂಗಳೂರಿನಲ್ಲಿ ಬೀಳುವುದು ಸುಮಾರು 1000. ಆರಿದ್ರಾ, ಪುನರ್ವಸು ಮಳೆ ಹಿಡಿದುಕೊಂಡರೆ ವಾರಗಟ್ಟಲೆ ಬಿಡುವುದಿಲ್ಲ. ಜಗುಲಿಯಲ್ಲಿ ಕುಳಿತು ಹಲಸಿನ ಹಪ್ಪಳ ತಿನ್ನುತ್ತಾ ಮಳೆ ನೋಡುವುದು ದೊಡ್ಡವರಿಗೆ ಸುಖ. ಮಕ್ಕಳಿಗೆ ಎರಡನೆಯ ದಿನಕ್ಕೇ ಸಾಕಾಗುತ್ತದೆ. ಆಗುಂಬೆಯ ಸೂರ್ಯಾಸ್ತ ನೋಡಲು ಆಗ ಬಂದವರು ಬಿಳಿ ಮಂಜನ್ನು ನೋಡಿ ಹಿಂದಿರುಗುತ್ತಾರೆ. ಹಳ್ಳಗಳು ತುಂಬಿ ಸಂಕ, ಅಂದರೆ ಮರದ ಕಾಲುಸೇತುವೆ, ದಾಟುವುದು ಅಪಾಯ. ಉಂಬಳದ (ಜಿಗಣೆಯ) ಕಾಟವನ್ನು ನಾನು ದೊಡ್ಡದು ಮಾಡುವುದಿಲ್ಲ. ಕಾಲಿಗೆ ಸುಣ್ಣ ಹಚ್ಚಿಕೊಂಡು ನಡೆದರೆ ಹೇಗೋ ಆಗುತ್ತದೆ.

ಮಳೆಗಾಲದಲ್ಲೇ ಬರಬೇಕೆಂದಿದ್ದರೆ ಎರಡನ್ನು ತಪ್ಪಿಸಿಕೊಳ್ಳಬೇಡಿ. ಒಂದು, ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯ ಮಂಡಗದ್ದೆ. ತುಂಗೆಯ ನಡುವಿನ ಪುಟ್ಟ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿ ಮರಿ ಮಾಡುವುದು ಈ ಕಾಲದಲ್ಲೇ. ದಡದಲ್ಲಿ ನಿಂತರೆ ಮರಿಗಳ ಕೂಗು ರಸ್ತೆಯವರೆಗೂ ಕೇಳುತ್ತದೆ. ಇನ್ನೊಂದು, ಗದ್ದೆ ನೆಟ್ಟಿ, ಅಂದರೆ ಭತ್ತದ ನಾಟಿ. ಯಾರ ಮನೆಯ ನೆಟ್ಟಿಯಾದರೂ ಸರಿ, ಮೊದಲೇ ಕೇಳಿಕೊಂಡು ಮಕ್ಕಳನ್ನು ಅರ್ಧ ದಿನ ಕೆಸರಿಗೆ ಇಳಿಸಿ. ಅವರು ನೆಟ್ಟ ಸಾಲು ಡೊಂಕಾಗುತ್ತದೆ, ಮನೆಯವರು ಮತ್ತೆ ಸರಿಪಡಿಸಿಕೊಳ್ಳುತ್ತಾರೆ, ಯಾರೂ ಬೈಯುವುದಿಲ್ಲ.

ಮೊದಲ ಮಳೆಗೆ ಹತ್ತುಮೀನು ಹಿಡಿಯುವುದನ್ನು ತೋರಿಸಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಹೊಳೆಯ ಮೀನು ಮೊಟ್ಟೆಯಿಡಲು ಹಳ್ಳ ಹತ್ತಿ, ಗದ್ದೆಯ ನೀರಿನವರೆಗೂ ಬರುವ ಕಾಲ ಅದು. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ಟಾರ್ಚ್ ಹಿಡಿದು ನಾನೂ ಹೋಗಿದ್ದೇನೆ. ಕಾಲಡಿಯ ನೀರಿನಲ್ಲಿ ಬೆನ್ನು ಮಿಂಚಿಸಿ ಮೀನು ಮೇಲಕ್ಕೆ ನುಗ್ಗುವುದನ್ನು ಕಂಡ ಆ ರಾತ್ರಿ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಹೊಟ್ಟೆ ತುಂಬ ಮೊಟ್ಟೆಯಿರುವ ಮೀನನ್ನು ಕಡಿಯುವುದು ಈಗ ನನಗೆ ಸರಿ ಕಾಣುವುದಿಲ್ಲ. ತೋರಿಸಿ, ಹಿಡಿಸಬೇಡಿ.

ಇನ್ನು ಭೂಮಿ ಹುಣ್ಣಿಮೆ. ಮಳೆ ಇಳಿದಿರುತ್ತದೆ, ಹಸಿರು ಮಾತ್ರ ಮಾಸಿರುವುದಿಲ್ಲ. ಗದ್ದೆಯ ಪೈರು ಹೊಡೆಯಾಗಿ ತೆನೆ ಬಿಡುವ ಹೊತ್ತು. ಬಸುರಿ ಭೂಮಿತಾಯಿಗೆ ಬಯಕೆಯ ಊಟ ಹಾಕುವ ಹಬ್ಬವಿದು. ಹಿಂದಿನ ದಿನ ಮಕ್ಕಳೆಲ್ಲ ಬೇಲಿ, ತೋಟ, ಗುಡ್ಡ ಸುತ್ತಿ ಸೊಪ್ಪು ತರಬೇಕು. ನೂರೊಂದು ಕುಡಿ ಸೇರಬೇಕೆಂಬುದು ಹಳಬರ ಮಾತು. ನಮ್ಮಲ್ಲಿ ಮೂವತ್ತು ನಲವತ್ತಕ್ಕೆ ಬಂದು ನಿಲ್ಲುತ್ತಿತ್ತು. ಅಜ್ಜಿ ಒಂದೊಂದನ್ನೂ ಮೂಸಿ ನೋಡಿ, ಇದು ಬೇಡ, ಇದು ಇರಲಿ ಎಂದು ಬೇರ್ಪಡಿಸುತ್ತಿದ್ದಳು. ನನಗೆ ಗಿಡಗಳ ಹೆಸರು ಗೊತ್ತಾದದ್ದು ಹಾಗೆ. ರಾತ್ರಿಯಿಡೀ ಅಡುಗೆ ನಡೆಯುತ್ತದೆ: ಆ ಸೊಪ್ಪುಗಳ ಬೆರಕೆ, ಚೀನಿಕಾಯಿ ಕಡುಬು, ಸೌತೆಕಾಯಿ ಕಡುಬು, ಅಮಟೆಕಾಯಿ ಹಾಕಿದ ಪಲ್ಯ. ಬೆಳಕು ಹರಿಯುವ ಮೊದಲೇ ಗಂಡಸರು ಬುಟ್ಟಿ ಹೊತ್ತು ದೀಪ ಹಿಡಿದು ಗದ್ದೆಗೆ ಹೋಗಿ, ಕೂಗಿ ಕರೆಯುತ್ತಾ ಆ ಬೆರಕೆಯನ್ನು ಪೈರಿಗೆ ಬೀರುತ್ತಾರೆ. ಬಿಸಿಲು ಬಂದ ಮೇಲೆ ಮನೆಮಂದಿಯೆಲ್ಲ ಗದ್ದೆಗೆ ಹೋಗಿ ಪೂಜೆ ಮಾಡಿ, ಬದುವಿನ ಮೇಲೆ ಬಾಳೆಯೆಲೆ ಹಾಸಿಕೊಂಡು ಉಣ್ಣುತ್ತಾರೆ. ಕಾಗೆಗೆ ಒಂದು ಪಾಲು, ಇಲಿಗೆ ಒಂದು ಪಾಲು. ನಾನು ಕಂಡ ಹೊರಾಂಗಣದ ಊಟಗಳಲ್ಲಿ ಇದಕ್ಕೆ ಸಮನಾದದ್ದು ಇಲ್ಲ. ಸಾಗರ, ಸೊರಬದ ಕಡೆ ದೀವರ ಸಮುದಾಯದ ಮನೆಗಳಲ್ಲಾದರೆ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಆ ಭೂಮಣ್ಣಿ ಬುಟ್ಟಿಯನ್ನು ಬರೆಯುವಾಗ ಹತ್ತಿರ ಕುಳಿತು ನೋಡಲು ಸಿಕ್ಕಿದರೆ ನಿಮ್ಮ ಮಕ್ಕಳ ಪುಣ್ಯ.

ಉಳಿದ ದಿನಗಳಿಗೆ ಬೆಳಿಗ್ಗೆ ಕುಂದಾದ್ರಿ ಬೆಟ್ಟ ಇದೆ. ಮೇಲಿನವರೆಗೆ ರಸ್ತೆಯಿದೆ, ತುದಿಯಲ್ಲಿ ಪಾರ್ಶ್ವನಾಥ ಬಸದಿ, ಬಂಡೆಯಲ್ಲಿ ಕೊಳ. ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆಗಳ ಸ್ನಾನವನ್ನು ಬೆಳಿಗ್ಗೆಯೇ ನೋಡಬೇಕು, ತಡವಾದರೆ ಅವು ಕಾಡಿಗೆ ಹೊರಟಿರುತ್ತವೆ. ಚಿಬ್ಬಲಗುಡ್ಡೆಯಲ್ಲಿ ದೇವರ ಮೀನುಗಳಿಗೆ ಮಂಡಕ್ಕಿ ಹಾಕಬಹುದು. ಆದರೆ ಅಲ್ಲಾಗಲಿ ಬೇರೆಲ್ಲಾಗಲಿ ತುಂಗೆಗೆ ಈಜಲು ಇಳಿಸಬೇಡಿ. ನೋಡಲು ಶಾಂತವಾಗಿರುವ ಕಡೆಯೇ ಮಡುವಿರುತ್ತದೆ, ಪಾಚಿಗಟ್ಟಿದ ಬಂಡೆ ಕಾಲು ನಿಲ್ಲಿಸುವುದಿಲ್ಲ. ನಮ್ಮೂರಿನವರೇ ಒಬ್ಬರು, ಹುಟ್ಟಿನಿಂದ ಹೊಳೆ ಕಂಡವರು, ಹಾಗೆ ಹೋದರು. ಈ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ದೀಪಾವಳಿಗೆ ಬರಲಾಗುವುದಾದರೆ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಬರುತ್ತಾರೆ. ಅವರ ದೀಪಕ್ಕೆ ನಿಮ್ಮ ಮಕ್ಕಳ ಕೈಯಿಂದಲೇ ಎಣ್ಣೆ ಹಾಕಿಸಿ. ಡಿಸೆಂಬರ್, ಜನವರಿ ಅಡಿಕೆಯ ಕಾಲ. ಕೊನೆ (ಅಡಿಕೆ ಗೊನೆ) ಇಳಿಸುವುದು, ಸುಲಿಯುವುದು, ಬೇಯಿಸುವ ಹಂಡೆಯ ಬೆಂಕಿಯ ಮುಂದೆ ಕಥೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯೂ ಆಗಲೇ. ಆಗುಂಬೆಯ ಸೂರ್ಯಾಸ್ತಕ್ಕೂ ಇದೇ ಸರಿಯಾದ ಸಮಯ.

ಬೇಸಿಗೆ ರಜೆಯಲ್ಲಿ ಕಾಡು ಸುತ್ತಿಸುವ ಯೋಚನೆಯಿದ್ದರೆ ಮಂಗನ ಕಾಯಿಲೆಯ ವಿಷಯ ತಿಳಿದಿರಲಿ. 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಜಿಲ್ಲೆಯದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಎಂಬ ರಕ್ತ ಹೀರುವ ಸಣ್ಣ ಹುಳುವಿನ ಕಡಿತದಿಂದ ಹರಡುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಆ ತಿಂಗಳುಗಳಲ್ಲಿ ತರಗೆಲೆ ಬಿದ್ದ ಕಾಡಿನೊಳಗೆ ಹೋಗುವ ಮುನ್ನ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಂಗ ಸತ್ತ ಸುದ್ದಿಯಿದ್ದರೆ ಆ ದಿಕ್ಕಿಗೆ ಹೋಗಬೇಡಿ. ತೋಟ, ಅಂಗಳ, ಹಲಸಿನ ಮರ ಸಾಕು ಆಗ.

ಕೊನೆಗೆ ಉಳಿದುಕೊಳ್ಳುವ ವಿಷಯ. ದಿನಕ್ಕೊಂದು ಊರು ಎಂದು ಕಾರಿನಲ್ಲಿ ಅಲೆಯಬೇಡಿ, ಕೃಷಿ ಮಾಡುವವರೇ ನಡೆಸುವ ಒಂದು ಹೋಂಸ್ಟೇಯಲ್ಲಿ ಆರು ದಿನ ನಿಲ್ಲಿ. ಕೊಠಡಿ ಕಾದಿರಿಸುವಾಗಲೇ ಅವರು ಭೂಮಿ ಹುಣ್ಣಿಮೆ ಆಚರಿಸುತ್ತಾರೆಯೇ, ಸೊಪ್ಪು ತರಲು ಮಕ್ಕಳನ್ನೂ ಜೊತೆಗೆ ಕರೆದೊಯ್ಯುವರೇ ಎಂದು ಕೇಳಿಕೊಳ್ಳಿ. ಪೂರ್ತಿ ತೋಳಿನ ಹಳೆಯ ಅಂಗಿ, ಒಂದು ಟಾರ್ಚ್, ಒಬ್ಬೊಬ್ಬರಿಗೂ ಒಂದು ಕೊಡೆ ತನ್ನಿ. ಹುಣ್ಣಿಮೆಯ ಹೊತ್ತಿಗೂ ಸಂಜೆ ಒಂದೊಂದು ಗುಡುಗಿನ ಮಳೆ ಬಂದೇ ಬರುತ್ತದೆ.