ಓದುಗರ ಪ್ರಶ್ನೆ: ಲೆಡ್ ಜೆಪ್ಲಿನ್ ಬರೀ ಗದ್ದಲವೇ?

ಪ್ರಶ್ನೆ: ನಾನು ಬ್ರಿಟನ್ನಿನ ರಾಕ್ ತಂಡ ಲೆಡ್ ಜೆಪ್ಲಿನ್‌ನ ಅಭಿಮಾನಿ. ಗೆಳೆಯನೊಬ್ಬ ಇವರ ಮೊದಲ ಆಲ್ಬಮ್ಮಿನ ಬಗ್ಗೆ 1969ರಲ್ಲಿ ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಬಂದ ವಿಮರ್ಶೆ ಹಿಡಿದುಕೊಂಡು, ಇವರದು ಕದ್ದ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಶೈಲಿ), ಬರೀ ಗದ್ದಲ, ಧ್ವನಿಮುದ್ರಣವೂ ಕಳಪೆ ಎಂದು ಹಂಗಿಸುತ್ತಾನೆ. ಕಾಲೇಜು ಸಂಚಿಕೆಯಲ್ಲಿ ಉತ್ತರ ಕೊಡಬೇಕೆಂದಿದ್ದೇನೆ. ಏನು ಬರೆಯಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೂರು ಆರೋಪಗಳನ್ನೂ ಒಂದೇ ಗಂಟು ಕಟ್ಟಬೇಡಿ. ಮೊದಲನೆಯದರಲ್ಲಿ ಹುರುಳಿದೆ, ಉಳಿದೆರಡರಲ್ಲಿ ಇಲ್ಲ. ಹುರುಳಿರುವುದನ್ನು ನೀವೇ ಮೊದಲು ಒಪ್ಪಿಕೊಂಡರೆ ಮುಂದಿನ ಮಾತಿಗೆ ತೂಕ ಬರುತ್ತದೆ.

‘ಹೋಲ್ ಲಾಟಾ ಲವ್’ ಹಾಡಿನ ಸಾಲುಗಳು ಬ್ಲೂಸ್ ಕವಿ ವಿಲ್ಲಿ ಡಿಕ್ಸನ್ ಬರೆದು ಮಡ್ಡಿ ವಾಟರ್ಸ್ ಹಾಡಿದ್ದ ‘ಯೂ ನೀಡ್ ಲವ್’ನಿಂದ ಬಂದವು. ಡಿಕ್ಸನ್ 1985ರಲ್ಲಿ ಮೊಕದ್ದಮೆ ಹೂಡಿದರು, 1987ರಲ್ಲಿ ರಾಜಿಯಾಯಿತು, ಆಮೇಲೆ ಹಾಡಿಗೆ ಅವರ ಹೆಸರೂ ಸೇರಿತು. ‘ಡೇಜ್ಡ್ ಅಂಡ್ ಕನ್ಫ್ಯೂಸ್ಡ್’ ಜೇಕ್ ಹೋಮ್ಸ್ 1967ರಲ್ಲೇ ಹಾಡಿದ್ದ ಹಾಡು. ಅವರ ಹೆಸರು ಬರಲು 2010ರ ಮೊಕದ್ದಮೆಯೇ ಬೇಕಾಯಿತು. ಇದು ತಪ್ಪು, ಸಮರ್ಥನೆ ಬೇಡ. ಆದರೆ ಎಲ್ಲವೂ ಕದ್ದದ್ದು ಎಂದರೆ ಅದೂ ಸುಳ್ಳು. ಮೊದಲ ಆಲ್ಬಮ್ಮಿನ ‘ಯೂ ಶುಕ್ ಮಿ’, ‘ಐ ಕಾಂಟ್ ಕ್ವಿಟ್ ಯೂ ಬೇಬಿ’ ಎರಡಕ್ಕೂ ಡಿಕ್ಸನ್ ಹೆಸರು ಶುರುವಿನಿಂದಲೇ ಇದೆ.

ಇನ್ನು ಧ್ವನಿಮುದ್ರಣ. 1969ರ ಮಾರ್ಚ್‌ನಲ್ಲಿ ಜಾನ್ ಮೆಂಡೆಲ್ಸನ್ ಬರೆದ ಆ ವಿಮರ್ಶೆ, ಆಲ್ಬಮ್ಮನ್ನು ತಾವೇ ನಿರ್ಮಿಸಿದ ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್‌ರನ್ನು ನಿರ್ಮಾಪಕನಾಗಿ ತೀರಾ ಸೀಮಿತ ಎಂದಿತು, ಇನ್ನೊಬ್ಬ ಗಿಟಾರ್ ವಾದಕ ಜೆಫ್ ಬೆಕ್ ತಂಡದ ‘ಟ್ರುತ್’ ಆಲ್ಬಮ್ ಇದಕ್ಕಿಂತ ಮೇಲು ಎಂದಿತು. (ಆ ‘ಟ್ರುತ್’ನ ‘ಯೂ ಶುಕ್ ಮಿ’ಯಲ್ಲಿ ಆರ್ಗನ್ ನುಡಿಸಿದ್ದು ಜೆಪ್ಲಿನ್‌ನ ಜಾನ್ ಪಾಲ್ ಜೋನ್ಸ್ ಅವರೇ.) ಗೆಳೆಯನನ್ನು ಎದುರಿಗೆ ಕೂರಿಸಿಕೊಂಡು ಜೆಪ್ಲಿನ್‌ನ ‘ಯೂ ಶುಕ್ ಮಿ’ಯ ಕೊನೆಯ ಭಾಗ ಹೆಡ್‌ಫೋನ್‌ನಲ್ಲಿ ಕೇಳಿಸಿ. ಅಲ್ಲಿ ಪ್ರತಿಧ್ವನಿ ಕೂಗಿನ ಹಿಂದೆ ಬರುವುದಿಲ್ಲ, ಮುಂಚೆಯೇ ಬರುತ್ತದೆ. ಮಾಡುವ ಬಗೆ ಇಷ್ಟು: ಟೇಪನ್ನು ಹಿಂದುಮುಂದಾಗಿ ಹಾಕಿ ಓಡಿಸಬೇಕು, ಹಾಗೆ ಓಡುವಾಗಲೇ ಅದರ ಎಕೋವನ್ನು ಖಾಲಿ ಟ್ರ್ಯಾಕಿಗೆ ತುಂಬಬೇಕು, ಮತ್ತೆ ಟೇಪನ್ನು ಸರಿಯಾಗಿ ಹಾಕಬೇಕು. ದನಿಗಿಂತ ಮೊದಲು ಅದರ ನೆರಳು ಹರಿದುಬರುತ್ತದೆ. ಎಂಜಿನಿಯರ್ ಗ್ಲಿನ್ ಜಾನ್ಸ್ ಆಗದು ಎಂದರೂ ಪಟ್ಟು ಹಿಡಿದು ಮಾಡಿಸಿದೆ ಎಂದು ಪೇಜ್ ಹೇಳಿದ್ದಾರೆ. ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ಇಡೀ ಆಲ್ಬಮ್ಮಿಗೆ ಹಿಡಿದದ್ದು, ಪೇಜ್ ಲೆಕ್ಕದಲ್ಲಿ, ಸುಮಾರು 36 ಗಂಟೆ. ಖರ್ಚು 1,782 ಪೌಂಡ್. ಅಷ್ಟರಲ್ಲಿ ಇಂಥ ಕೆಲಸ ಮಾಡಿದವರನ್ನು ಸೀಮಿತ ಎನ್ನಲು ನಮಗಂತೂ ಬಾಯಿ ಬಾರದು.

ಗದ್ದಲ ಎಂಬ ಮಾತಿಗೆ ‘ಗುಡ್ ಟೈಮ್ಸ್ ಬ್ಯಾಡ್ ಟೈಮ್ಸ್’ ಒಂದೇ ಸಾಕು. ಬಾಸ್ ಡ್ರಮ್ಮಿನಲ್ಲಿ ಓಡುವ ಆ ತ್ರಿವಳಿ ಪೆಟ್ಟುಗಳಿಗೆ ಎರಡು ಪೆಡಲ್ ಇಲ್ಲ. ತಂಡದ ಡ್ರಮ್ಮರ್ ಜಾನ್ ಬಾನ್‌ಹ್ಯಾಮ್ ಬಲಗಾಲು ಒಂದರಲ್ಲೇ, ಒಂದೇ ಪೆಡಲ್ಲಿನಲ್ಲಿ ನುಡಿಸಿದ್ದು.

ಎರಡು ಎಚ್ಚರಿಕೆ. ಮಾರಾಟದ ಅಂಕಿ ಮುಂದಿಡಬೇಡಿ, ಕೋಟಿಗಟ್ಟಲೆ ಮಾರಿದ ಕೆಟ್ಟ ಹಾಡುಗಳೂ ಇವೆ. ಪತ್ರಿಕೆಯವರೆಲ್ಲ ಸದಾ ದ್ವೇಷಿಸಿದರು ಎಂದೂ ಬರೆಯಬೇಡಿ. ಅದೇ ರೋಲಿಂಗ್ ಸ್ಟೋನ್‌ನಲ್ಲಿ 1971ರ ಡಿಸೆಂಬರಿನಲ್ಲಿ ಲೆನ್ನಿ ಕೇ ನಾಲ್ಕನೇ ಆಲ್ಬಮ್ಮನ್ನು ಮೆಚ್ಚಿ ಬರೆದರು. ಗಾಯಕ ರಾಬರ್ಟ್ ಪ್ಲಾಂಟ್ ಕಂಠ ಹಿಡಿಸಲಿಲ್ಲ ಎನ್ನುವವರ ಜೊತೆ ವಾದ ಬೇಡ, ಅದು ಅವರವರ ರುಚಿ.

ಪ್ರಶ್ನೆ: ಜೆಪ್ಲಿನ್‌ನ ‘ವೆನ್ ದ ಲೆವಿ ಬ್ರೇಕ್ಸ್’ ಹಾಡಿನ ಡ್ರಮ್ ಸದ್ದು ಬೇಕೆಂದು ನಮ್ಮ ತಂಡ ಕಲ್ಯಾಣ ಮಂಟಪವೊಂದರಲ್ಲಿ ಎರಡೇ ಮೈಕ್ ಇಟ್ಟು ರೆಕಾರ್ಡ್ ಮಾಡಿತು. ಬರೀ ಗುಂಯ್ ಎನ್ನುತ್ತಿದೆ, ಪೆಟ್ಟೇ ಕೇಳುವುದಿಲ್ಲ. ಎಡವಿದ್ದೆಲ್ಲಿ?
– ಹವ್ಯಾಸಿ ತಂಡ, ಹುಬ್ಬಳ್ಳಿ

ಉತ್ತರ: ಮೈಕ್ ಎರಡೇ ಎಂಬುದು ಸರಿ, ಆದರೆ ಜಾಗ ಬೇರೆ. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದಲ್ಲಿ ಡ್ರಮ್ಮನ್ನು ಮೆಟ್ಟಿಲ ಬುಡದ ಹಜಾರದಲ್ಲಿಟ್ಟು, ಎಂಜಿನಿಯರ್ ಆಂಡಿ ಜಾನ್ಸ್ (ಮೇಲೆ ಹೇಳಿದ ಗ್ಲಿನ್ ಅವರ ತಮ್ಮ) ಎರಡು ಬೇಯರ್ ಎಂ 160 ರಿಬ್ಬನ್ ಮೈಕುಗಳನ್ನು ಮೇಲಿನಿಂದ ಇಳಿಬಿಟ್ಟರು. ಎತ್ತರದ, ಕಿರಿದಾದ ಜಾಗ ಅದು. ಮಂಟಪದ ಸಭಾಂಗಣ ಅಗಲ, ಎದುರುಬದುರು ಬೋಳು ಗೋಡೆಗಳು. ಸದ್ದು ಅವುಗಳ ನಡುವೆ ಪುಟಿಯುತ್ತಲೇ ಇರುತ್ತದೆ. ಡ್ರಮ್ಮನ್ನು ಮಂಟಪದ ಮೆಟ್ಟಿಲ ಕೆಳಗೆ ತನ್ನಿ, ಮೈಕುಗಳನ್ನು ಮೊದಲ ಮಹಡಿಯ ಕಟಾಂಜನದಿಂದ ಇಳಿಬಿಡಿ. ಸ್ನೇರ್ ಡ್ರಮ್ಮಿನ ನಡುವಿನಿಂದ ಎರಡೂ ಮೈಕಿಗೆ ದಾರ ಹಿಡಿದು ದೂರ ಅಳೆದು ಸಮ ಮಾಡಿ. ಹೆಚ್ಚುಕಮ್ಮಿಯಾದರೆ ಸ್ನೇರ್‌ನ ಅಲೆಗಳು ಒಂದನ್ನೊಂದು ತಿಂದು ಪೆಟ್ಟು ತೆಳುವಾಗುತ್ತದೆ. ಫ್ಯಾನ್, ಜನರೇಟರ್ ಬಂದ್ ಮಾಡಿ, ಯಾಕೆಂದರೆ ಮುಂದೆ ಕಂಪ್ರೆಸರ್ (ಜೋರು ಸದ್ದನ್ನು ಒತ್ತಿ ಮೆಲುಸದ್ದನ್ನು ಎತ್ತಿಕೊಡುವ ಸಾಧನ) ಹಾಕಿದಾಗ ಅವೂ ಮೇಲೇಳುತ್ತವೆ.

ಬಾಸ್ ಡ್ರಮ್ಮಿನೊಳಗೆ ದಿಂಬು ತುರುಕಿದ್ದರೆ ತೆಗೆಯಿರಿ. ಬಾನ್‌ಹ್ಯಾಮ್‌ದು 26 ಇಂಚಿನ ಲುಡ್ವಿಗ್, ಎರಡೂ ಕಡೆ ಹೊದಿಕೆ, ಬಿಗಿ ಶ್ರುತಿ. ಮೈಕ್ ಹತ್ತಿರವಿದ್ದಾಗ ದಿಂಬು ಸರಿ, ದೂರದಿಂದ ಹಿಡಿಯುವಾಗ ದಿಂಬಿಟ್ಟ ಡ್ರಮ್ಮು ಸತ್ತಂತೆ ಕೇಳುತ್ತದೆ. 22 ಇಂಚಿನದೇ ಇದ್ದರೂ ಹೀಗೆ ಬಿಟ್ಟು ನೋಡಿ. ರಿಬ್ಬನ್ ಮೈಕ್ ಸಿಂಬಲ್‌ನ ಚೂಪನ್ನು ಮೆದುಮಾಡುತ್ತದೆ. ನಿಮ್ಮದು ಕಂಡೆನ್ಸರ್ ಆದರೆ ಸಿಂಬಲ್ಲನ್ನು ಮೆಲ್ಲಗೆ ನುಡಿಸುವುದೊಂದೇ ದಾರಿ.

ಪೆಟ್ಟು ಕೇಳದಿರಲು ದೊಡ್ಡ ಕಾರಣ ಬಹುಶಃ ಕಂಪ್ರೆಸರ್. ಅಟ್ಯಾಕ್ (ಅದು ಒತ್ತಲು ಶುರುಮಾಡುವ ವೇಗ) ತೀರಾ ವೇಗವಾಗಿದ್ದರೆ ಪೆಟ್ಟಿನ ತಲೆಯನ್ನೇ ಒತ್ತಿಹಾಕಿ ಕೋಣೆಯ ಗುಂಯ್ ಮಾತ್ರ ಎತ್ತುತ್ತದೆ. 20ರಿಂದ 30 ಮಿಲಿಸೆಕೆಂಡ್ ಇಡಿ, ಅನುಪಾತ 4:1ರಿಂದ 8:1, ಸೂಚಿ 8-10 ಡೆಸಿಬೆಲ್ ಇಳಿಯಲಿ. ಮುಂದಿನ ಪೆಟ್ಟಿನೊಳಗೆ ಸೂಚಿ ಮರಳಿ ಬರುವಂತೆ ರಿಲೀಸ್ (ಒತ್ತು ಬಿಡುವ ಸಮಯ) ಹೊಂದಿಸಿ. ಆಂಡಿ ಜಾನ್ಸ್ ಹೀಲಿಯೋಸ್ ಕಂಪ್ರೆಸರ್ ಬಳಸಿ, ಬಿನ್ಸನ್ ಎಕೋರೆಕ್ ಎಂಬ ಎಕೋ ಯಂತ್ರದ ಮರುಪೆಟ್ಟುಗಳನ್ನೂ ಬೆರೆಸಿದರು. ಎಕೋವನ್ನು ಹಾಡಿನ ಲಯಕ್ಕೆ ಕೂಡಿಸದಿದ್ದರೆ ಮತ್ತೊಬ್ಬ ಡ್ರಮ್ಮರ್ ತಪ್ಪು ನುಡಿಸಿದಂತಿರುತ್ತದೆ.

ಕೊನೆಗೆ ವೇಗ. ಆ ಹಾಡಿನ ವಾದ್ಯಗಳನ್ನು ಟೇಪ್ ನಿಧಾನಿಸಿ ಕೆಳಗಿಳಿಸಲಾಗಿದೆ, ಅದರಿಂದಲೇ ಆ ಭಾರ. ನೀವು ನಿಮಿಷಕ್ಕೆ 76 ಬೀಟ್‌ನಲ್ಲಿ ನುಡಿಸಿ, ಸಾಫ್ಟ್‌ವೇರ್‌ನಲ್ಲಿ ಸುಮಾರು ಶೇ 6 ನಿಧಾನಿಸಿದರೆ 71-72ಕ್ಕೆ ಬಂದು ಶ್ರುತಿಯೂ ಅರ್ಧ ಸ್ವರ ಇಳಿಯುತ್ತದೆ. ಶ್ರುತಿ ಕಾಪಾಡುವ ಆಯ್ಕೆ ಆಫ್ ಇರಲಿ. ಗಿಟಾರನ್ನೂ ನಿಧಾನಿಸುವ ಮೊದಲೇ ತುಂಬಿಕೊಳ್ಳಿ.

ಪ್ರಶ್ನೆ: ‘ಕಾಶ್ಮೀರ್’ ಹಾಡಿಗೆ ತಾಳ ಹಾಕಲು ಹೋದರೆ ಕೈ ತಪ್ಪುತ್ತದೆ. ಲೆಕ್ಕ ಏನು?
– ಮೃದಂಗ ವಿದ್ಯಾರ್ಥಿನಿ, ಮೈಸೂರು

ಉತ್ತರ: ಡ್ರಮ್ಮು 4ರಲ್ಲಿ, ಗಿಟಾರು 3ರಲ್ಲಿ. ಡ್ರಮ್ಮಿಗೆ ತಕಧಿಮಿ ಮೂರು ಸಲ, ಗಿಟಾರಿಗೆ ತಕಿಟ ನಾಲ್ಕು ಸಲ, 12 ಆದ ಮೇಲೆ ಇಬ್ಬರೂ ಸಮಕ್ಕೆ ಬರುತ್ತಾರೆ. ಕೈ ತಪ್ಪುವುದು ಕಿವಿ ಗಿಟಾರಿನ ಹಿಂದೆ ಹೋಗುವುದರಿಂದ. ಕೈಯಲ್ಲಿ 4 ಹಿಡಿದು ಬಾಯಲ್ಲಿ ತಕಿಟ ಹೇಳಿ, ಮುಕ್ತಾಯ ನುಡಿಸುವ ನಿಮಗೆ ಇದು ಕಷ್ಟವಲ್ಲ. ಬಾನ್‌ಹ್ಯಾಮ್ ಪೆಟ್ಟು ಕದಲಿಸದೆ ನಿಂತದ್ದರಿಂದಲೇ ಗಿಟಾರಿನ ಏರಿಕೆ ಅಷ್ಟು ಗಂಭೀರವಾಗಿ ಕೇಳುತ್ತದೆ. ಗಿಟಾರಿನವರು 6, 2, 1ನೇ ತಂತಿಗಳನ್ನು ಎರಡೆರಡು ಅರ್ಧ ಸ್ವರ ಇಳಿಸಬೇಕು, ಇಳಿಸಿದ ಮೇಲೆ ಉಳಿದ ಮೂರನ್ನೂ ಮತ್ತೆ ಶ್ರುತಿ ಮಾಡಬೇಕು.

ನಮ್ಮ ದೇಶದ ನಂಟೂ ಇದೆ. ಪೇಜ್, ಪ್ಲಾಂಟ್ 1972ರಲ್ಲಿ ಬಾಂಬೆಯ ವಾದಕರ ಜೊತೆ ‘ಫ್ರೆಂಡ್ಸ್’, ‘ಫೋರ್ ಸ್ಟಿಕ್ಸ್’ ಧ್ವನಿಮುದ್ರಿಸಿದರು. 2015ರಲ್ಲಿ ಮರುಬಿಡುಗಡೆಯಾದ ‘ಕೋಡಾ’ ಆಲ್ಬಮ್ಮಿನಲ್ಲಿ ಅವು ಸಿಗುತ್ತವೆ, ಖಂಡಿತ ಕೇಳಿ.

ಪ್ರಶ್ನೆ: ‘ಸ್ಟೇರ್‌ವೇ ಟು ಹೆವನ್’ ಕೂಡ ಕದ್ದದ್ದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಅಲ್ಲ. ಸ್ಪಿರಿಟ್ ತಂಡದ ‘ಟಾರಸ್’ನಿಂದ ಎತ್ತಿದ್ದು ಎಂಬ ಮೊಕದ್ದಮೆಯಲ್ಲಿ 2016ರಲ್ಲಿ ಅಮೆರಿಕದ ಜ್ಯೂರಿ ಜೆಪ್ಲಿನ್ ಪರ ತೀರ್ಪು ಕೊಟ್ಟಿತು. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು, ಸುಪ್ರೀಂ ಕೋರ್ಟ್ ಪ್ರಕರಣ ಕೈಗೆತ್ತಿಕೊಳ್ಳಲಿಲ್ಲ. ಅರ್ಧರ್ಧ ಸ್ವರವಾಗಿ ಕೆಳಗಿಳಿಯುವ ಅಂಥ ಮಂದ್ರದ ಸಾಲು ಶತಮಾನಗಳಿಂದ ಎಲ್ಲರ ಸ್ವತ್ತು.

ಪ್ರಶ್ನೆ: ಅಪ್ಪನಿಗೆ ಗಲಾಟೆ ಸಂಗೀತ ಆಗುವುದಿಲ್ಲ. ಮೊದಲು ಯಾವುದನ್ನು ಕೇಳಿಸಲಿ?
– ಓದುಗರೊಬ್ಬರು, ಶಿರಸಿ

ಉತ್ತರ: 1970ರ ಮೂರನೇ ಆಲ್ಬಮ್ಮಿನ ಎರಡನೇ ಬದಿ. ವೇಲ್ಸಿನಲ್ಲಿ ಕರೆಂಟೇ ಇಲ್ಲದ ಬ್ರಾನ್-ಇರ್-ಔರ್ ಕುಟೀರದಲ್ಲಿ ಕೂತು ಕಟ್ಟಿದ ಹಾಡುಗಳ ಛಾಯೆ ಅದರಲ್ಲಿದೆ, ಬಹುಪಾಲು ಮರದ ಗಿಟಾರು. ‘ದ್ಯಾಟ್ಸ್ ದ ವೇ’ಯಿಂದ ಶುರು ಮಾಡಿ. ಅವರಿಗೆ ಹಿಡಿಸಿದರೆ ಮೊದಲ ಆಲ್ಬಮ್ಮಿನ ‘ಬೇಬ್ ಐಯಾಮ್ ಗೊನ್ನಾ ಲೀವ್ ಯೂ’ ಹಾಕಿ. ಆದರೆ ಮೆಲುದನಿಯ ಆರಂಭಕ್ಕೆಂದು ವಾಲ್ಯೂಮ್ ಏರಿಸಬೇಡಿ, ನಡುವೆ ಡ್ರಮ್ಮು ಒಮ್ಮೆಲೇ ಎರಗುತ್ತದೆ.