ನಿಂತಲ್ಲೇ ನಡುಗುವ ಕಾವಲುಗಾರ

ಪ್ರಶ್ನೆ: ಅಣ್ಣನ ಹಳೇ ಪೆಟ್ಟಿಗೆಯಲ್ಲಿ ಕ್ವೇಕ್ 2 ಆಟದ ಸಿಡಿ ಸಿಕ್ಕಿತು. ಹೊಸ ಕಂಪ್ಯೂಟರಿನಲ್ಲಿ ಹಾಕಿ ಆಡುತ್ತಿದ್ದೇನೆ. ಶತ್ರು ಓಡುವಾಗ ಏನೂ ಅನ್ನಿಸುವುದಿಲ್ಲ. ಆದರೆ ಸುಮ್ಮನೆ ನಿಂತಿದ್ದಾಗ ಅವನ ಮುಖ, ಎದೆ, ಭುಜ ಎಲ್ಲ ನೀರೊಳಗಿಂದ ನೋಡಿದ ಹಾಗೆ ಕದಲುತ್ತಿರುತ್ತವೆ. ಗೋಡೆ, ನೆಲ ಸರಿಯಾಗಿವೆ. ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆಯೇ ಸರ್?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕಾರ್ಡಿಗೆ ಏನೂ ಆಗಿಲ್ಲ, ಬದಲಿಸಲು ಹೋಗಬೇಡಿ. ನೀವು ಕಂಡ ನಡುಕ ಆ ಸಿಡಿಯೊಳಗಿನ ಫೈಲಿನಲ್ಲೇ ಇದೆ. ಇದೇ ನಡುಕದ ಬೆನ್ನು ಹತ್ತಿ ನಾನೂ ಹದಿನೈದು ದಿನ ಕಳೆದಿದ್ದೇನೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಹಾಕುವುದನ್ನು ನೆನೆಸಿಕೊಳ್ಳಿ. ಗೆರೆ ತಿರುಗಬೇಕಾದರೆ ಯಾವುದಾದರೂ ಚುಕ್ಕಿಯ ಮೇಲೆಯೇ ತಿರುಗಬೇಕು, ಎರಡು ಚುಕ್ಕಿಗಳ ನಡುವೆ ಅಲ್ಲ ಎಂದಿಟ್ಟುಕೊಳ್ಳೋಣ. 1996ರ ಕ್ವೇಕ್ ಮತ್ತು 1997ರ ಕ್ವೇಕ್ 2 ಆಟಗಳ ಪಾತ್ರಗಳನ್ನು ಫೈಲಿನಲ್ಲಿ ಹೀಗೇ ಬರೆದಿಟ್ಟಿದ್ದಾರೆ. ಮೈಮೇಲಿನ ಪ್ರತಿ ಬಿಂದುವಿನ ಉದ್ದ, ಅಗಲ, ಎತ್ತರಕ್ಕೆ ಒಂದೊಂದೇ ಬೈಟ್. ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ ಅಂಕಿ ಮಾತ್ರ ಹಿಡಿಸುತ್ತದೆ. ಅಂದರೆ ಅಡಿಯಿಂದ ಮುಡಿಯವರೆಗೆ 256 ಚುಕ್ಕಿ, ಅಷ್ಟೇ. ಕಲಾವಿದ ಮೂಗಿನ ತುದಿಯನ್ನು ಎಲ್ಲೇ ಇಟ್ಟಿರಲಿ, ಫೈಲ್ ಉಳಿಸುವಾಗ ಅದು ಹತ್ತಿರದ ಚುಕ್ಕಿಗೆ ಹೋಗಿ ಕೂರುತ್ತದೆ.

ನನ್ನ ಕಥೆ ಹೀಗಾಯಿತು. ಕ್ವೇಕ್ 2ಕ್ಕೆಂದು ಈಟಿ ಹಿಡಿದು ನಿಂತ ಕಾವಲುಗಾರನೊಬ್ಬನನ್ನು ಮಾಡಿದೆ. ಮೆಲ್ಲಗೆ ಉಸಿರಾಡುತ್ತಾನೆ, ಈಟಿ ಒಂದಿಷ್ಟು ತೂಗುತ್ತದೆ, ಮತ್ತೇನೂ ಇಲ್ಲ. ಮಾಡೆಲ್ ಮಾಡಿದ ಸಾಫ್ಟ್‌ವೇರಿನಲ್ಲಿ ಅವನ ಉಸಿರು ಎಷ್ಟು ನಯವಾಗಿತ್ತೆಂದರೆ ನೋಡುತ್ತ ಕೂತುಬಿಡುತ್ತಿದ್ದೆ. ಆಟದೊಳಗೆ ಹಾಕಿದರೆ ಕೆನ್ನೆ ಕುದಿಯುವ ಗಂಜಿಯ ಹಾಗೆ ಕದಲುತ್ತಿತ್ತು. ಮಾಡೆಲನ್ನು ಆಡಿಸಲು ಅದರೊಳಗೆ ಇಡುವ ಮೂಳೆಗಳನ್ನು ಜೋಡಿಸಿದ್ದರಲ್ಲಿ ತಪ್ಪಿದೆ ಎಂದು ಮೂರು ಸಲ ಬಿಚ್ಚಿ ಮತ್ತೆ ಕಟ್ಟಿದೆ. ಕೊನೆಗೆ ಫೈಲನ್ನೇ ತೆರೆದು ಅಂಕಿಗಳನ್ನು ಓದಿದಾಗ ಅರ್ಥವಾಯಿತು.

ಈ ಆಟಗಳಲ್ಲಿ ಆಟಗಾರನ ಮೈಗೆ ಕೊಟ್ಟ ಎತ್ತರ 56 ಮಾನ (ಮಾನ ಎಂದರೆ ಆಟದೊಳಗಿನ ಉದ್ದದ ಅಳತೆ). ನನ್ನ ಕಾವಲುಗಾರನೂ ಅಷ್ಟೇ, ಈಟಿ ಸೇರಿದರೆ 90. ಅದನ್ನು 255 ಭಾಗ ಮಾಡಿದರೆ ಚುಕ್ಕಿಯಿಂದ ಚುಕ್ಕಿಗೆ 0.35 ಮಾನ. ಅವನು 170 ಸೆಂಟಿಮೀಟರ್ ಎತ್ತರದ ಮನುಷ್ಯ ಎಂದುಕೊಂಡರೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಉಸಿರಾಡುವಾಗ ಎದೆ ಏರಿಳಿಯುವುದು ಕೆಲವೇ ಮಿಲಿಮೀಟರ್! ಹಾಗಾಗಿ ಎದೆಯ ಒಂದು ಬಿಂದು ಅಲುಗುವುದೇ ಇಲ್ಲ, ಪಕ್ಕದ್ದು ಇಡೀ ಸೆಂಟಿಮೀಟರ್ ಜಿಗಿಯುತ್ತದೆ. ಓಡುವಾಗ ಕೈಕಾಲು ಅಡಿಗಟ್ಟಲೆ ಆಡುವುದರಿಂದ ಈ ಜಿಗಿತ ಅದರಲ್ಲೇ ಮುಚ್ಚಿಹೋಗುತ್ತದೆ. ನಿಂತಾಗ ಮುಚ್ಚಲು ಏನೂ ಇರುವುದಿಲ್ಲ. ನಿಮ್ಮ ಕಣ್ಣು ಸರಿಯಾಗಿಯೇ ಹಿಡಿದಿದೆ.

ಮೊದಲ ಕ್ವೇಕ್‌ನಲ್ಲಿ ಇಡೀ ಪಾತ್ರಕ್ಕೆ ಒಂದೇ ಚುಕ್ಕಿಮನೆ ಇತ್ತು. ಕ್ವೇಕ್ 2ರಲ್ಲಿ ಪ್ರತಿ ಫ್ರೇಮಿಗೂ, ಅಂದರೆ ಚಲನೆಯ ಒಂದೊಂದು ಭಂಗಿಗೂ, ಅದರ ಗಾತ್ರಕ್ಕೆ ತಕ್ಕಂತೆ ಬೇರೆ ಅಳತೆಯ ಚುಕ್ಕಿಮನೆ ಕೊಟ್ಟರು. ಸೂಕ್ಷ್ಮತೆ ಹೆಚ್ಚಿತು ನಿಜ, ಆದರೆ ಈಟಿಯ ತುದಿ ಬೆರಳಷ್ಟು ಮೇಲೆ ಹೋದರೂ ಆ ಫ್ರೇಮಿನ ಚುಕ್ಕಿಗಳೆಲ್ಲ ಸರಿದು, ಅಲುಗದ ಮೂಗು ಕೂಡ ಬೇರೆ ಜಾಗಕ್ಕೆ ಹೋಗಿ ಕೂರುತ್ತದೆ. ನಾನು ಈಟಿಯನ್ನು ಬೇರೆಯೇ ಮಾಡೆಲ್ ಆಗಿ ಕಳಚಿಟ್ಟ ದಿನ ಮುಖದ ಕುದಿ ಬಹುಮಟ್ಟಿಗೆ ನಿಂತಿತು. ಆ ರಾತ್ರಿ ನನಗೆ ಆದ ಸಂತೋಷ ಇವತ್ತಿಗೂ ನೆನಪಿದೆ.

ಇನ್ನೊಂದು ಕಾರಣ ನಯಗೊಳಿಸುವ ಲೆಕ್ಕ. ಸೆಕೆಂಡಿಗೆ 10 ಫ್ರೇಮ್ ಚಿತ್ರಿಸಿರುತ್ತಾರೆ. 1996ರ ಕ್ವೇಕ್ ಅವನ್ನು ಇದ್ದ ಹಾಗೇ ಒಂದರ ಹಿಂದೊಂದು ತೋರಿಸುತ್ತಿತ್ತು, ಆ ಧಡಧಡ ಚಲನೆಯಲ್ಲಿ ನಡುಕ ಬೇರೆಯಾಗಿ ಕಾಣುತ್ತಿರಲಿಲ್ಲ. ಕ್ವೇಕ್ 2 ಎರಡು ಫ್ರೇಮ್‌ಗಳ ನಡುವೆ ಬಿಂದುಗಳನ್ನು ನೇರಗೆರೆಯಲ್ಲಿ ಜಾರಿಸುತ್ತದೆ. ಜಿಗಿತ ಹೋಗಿ ತೇಲಾಟ ಬಂದದ್ದು ಹೀಗೆ. ಪರೀಕ್ಷಿಸಿ ನೋಡಿ: ಟಿಲ್ಡೆ (~) ಕೀ ಒತ್ತಿ ಕನ್ಸೋಲ್, ಅಂದರೆ ಆಟಕ್ಕೆ ಆದೇಶ ಬರೆಯುವ ಜಾಗ, ತೆರೆದು r_lerpmodels 0 ಎಂದು ಟೈಪ್ ಮಾಡಿ ಎಂಟರ್ ಒತ್ತಿ. ತೇಲಾಟ ನಿಂತು ಹಳೆಯ ಜಿಗಿತ ಬರುತ್ತದೆ. ಮತ್ತೆ 1 ಕೊಟ್ಟರೆ ಮೊದಲಿನಂತೆ.

ಇದನ್ನು ಕಲಾವಿದರ ಅಸಡ್ಡೆ ಎನ್ನುವವರನ್ನು ಕಂಡರೆ ನನಗೆ ನೋವಾಗುತ್ತದೆ. ಮೊದಲ ಕ್ವೇಕ್ 8 ಎಂಬಿ ಮೆಮೊರಿಯ ಕಂಪ್ಯೂಟರಿನಲ್ಲಿ ಓಡಬೇಕಿತ್ತು. ಕ್ವೇಕ್ 2ರ ಆಟಗಾರನ ಪಾತ್ರಕ್ಕೆ 198 ಫ್ರೇಮ್. 400 ಬಿಂದುಗಳ ಒಂದು ಮಾಡೆಲ್ ಎಂದು ಲೆಕ್ಕ ಹಾಕಿ: ಬಿಂದುವಿಗೆ ಸ್ಥಾನದ 3 ಬೈಟ್, ಬೆಳಕಿನ ದಿಕ್ಕಿಗೆ 1 ಬೈಟ್ ಸೇರಿ 3,16,800 ಬೈಟ್. ಪೂರ್ಣ ದಶಮಾಂಶದಲ್ಲಿ, ಅಂಕಿಗೆ 4 ಬೈಟಿನಂತೆ, ಬರೆದಿದ್ದರೆ ಬರೀ ಸ್ಥಾನಕ್ಕೇ 9,50,400. ಅಂಥ ಹತ್ತು ಪಾತ್ರಗಳು ಒಟ್ಟಿಗೆ ಬಂದರೆ?

1998ರ ಹಾಫ್-ಲೈಫ್ ತೊಗಲುಗೊಂಬೆಯ ದಾರಿ ಹಿಡಿಯಿತು: ಮೈ ಒಂದೇ, ಕೀಲುಗಳು ಮಾತ್ರ ತಿರುಗುತ್ತವೆ. ಅಲ್ಲಿ ಈ ನಡುಕವಿಲ್ಲ. 1999ರ ಕ್ವೇಕ್ 3 ಬಿಂದುಗಳ ದಾರಿಯಲ್ಲೇ ಉಳಿದು ಒಂದು ಬೈಟಿನ ಬದಲು ಎರಡು ಕೊಟ್ಟಿತು. ನಿಮಗೆ ನಡುಕವೇ ಬೇಡವೆಂದರೆ ಕ್ವೇಕ್ 2ರ 2023ರ ಮರುಬಿಡುಗಡೆಯಲ್ಲಿ ಕೀಲುಗಳಿರುವ ಹೊಸ ಮಾಡೆಲ್‌ಗಳಿವೆ. ನಾನಂತೂ ಹಳೆಯದನ್ನೇ ಆಡುತ್ತೇನೆ.

ಪ್ರಶ್ನೆ: ಮೊದಲ ಪ್ಲೇಸ್ಟೇಷನ್ ಆಟಗಳಲ್ಲಿ ಗೋಡೆಗಳೂ ಅಲುಗುತ್ತವೆ. ಅದಕ್ಕೂ ಬೈಟೇ ಕಾರಣವೇ?
– ಇನ್ನೊಬ್ಬ ಓದುಗರು, ಧಾರವಾಡ

ಉತ್ತರ: ಅಲ್ಲ. ಆ ಯಂತ್ರ ಪ್ರತಿ ಮೂಲೆಯನ್ನೂ ಪರದೆಯ ಪೂರ್ತಿ ಪಿಕ್ಸೆಲ್‌ಗೇ ಕೂರಿಸುತ್ತದೆ, ಅರ್ಧ, ಕಾಲು ಪಿಕ್ಸೆಲ್ ಅದಕ್ಕೆ ಗೊತ್ತಿಲ್ಲ. ಮೇಲೆ ಅಂಟಿಸಿದ ಚಿತ್ರಕ್ಕೆ ದೂರದ ಲೆಕ್ಕ ಹಾಕುವುದಿಲ್ಲವಾದ್ದರಿಂದ ಇಟ್ಟಿಗೆ ಸಾಲು ಸೊಟ್ಟಗಾಗುತ್ತದೆ. ಗುರುತಿಸುವುದು ಸುಲಭ: ನೀವು ಅಲುಗದೆ ನಿಂತರೆ ಪ್ಲೇಸ್ಟೇಷನ್ ಗೋಡೆಯೂ ನಿಲ್ಲುತ್ತದೆ. ಕ್ವೇಕ್ 2ರ ಕಾವಲುಗಾರ ನೀವು ನಿಂತರೂ ನಡುಗುತ್ತಲೇ ಇರುತ್ತಾನೆ.